ಒಳಗೆ ಬಂದ ಮೇಲಿನ ಲೆಕ್ಕ

ನಮ್ಮ ಆಸ್ಪತ್ರೆಯಲ್ಲಿ ರೋಗಿಗಳು ಕಾಯೋದೇ ಇಲ್ಲವಂತೆ. ತುರ್ತು ಚಿಕಿತ್ಸಾ ವಿಭಾಗದ ಗೋಡೆ ಮೇಲಿನ ಪರದೆ ಹಾಗನ್ನುತ್ತೆ, ಆಡಳಿತ ಮಂಡಳಿ ಅದನ್ನು ನೋಡಿ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತೆ. ಹೆಡ್ ನರ್ಸ್ ಅನ್ನಿಸಿಕೊಂಡು ಅದರ ಕೆಳಗೇ ಓಡಾಡೋ ನನಗೆ ಮೈಯೆಲ್ಲ ಉರಿಯುತ್ತೆ.

ಈ ಪವಾಡ ಹೇಗಾಯ್ತು ಅಂತೀರಾ? ಮೊದಲು ರೋಗಿ ಬಾಗಿಲು ದಾಟಿದ ಕೂಡಲೇ ಟೋಕನ್ ಕೊಡ್ತಿದ್ವಿ. ಅಲ್ಲಿಂದ ಡಾಕ್ಟರು ಕೈ ಹಿಡಿದು ನೋಡುವವರೆಗಿನ ಸಮಯವನ್ನು ಕಂಪ್ಯೂಟರ್ ಅಳೀತಿತ್ತು. ಇರೋದು ನಾಲ್ಕು ಬೆಡ್ಡು, ಒಬ್ಬರೇ ಡಾಕ್ಟರು, ಸಮಯ ಏರುತ್ತಲೇ ಇತ್ತು. ಕಾಯೋದು ಕಡಿಮೆಯಾಗಲೇಬೇಕು ಅಂತ ಮಂಡಳಿ ಗುಡುಗಿತು. ಇನ್ನೊಬ್ಬ ಡಾಕ್ಟರನ್ನು ಕೊಡಿ ಅಂದೆ. ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಡಾಕ್ಟರನ್ನು ತರಲಿಲ್ಲ, ಬಾಗಿಲಿಗೆ ಚಿಲಕ ಹಾಕಿಸಿದರು. ಬೆಡ್ ಖಾಲಿಯಾದರೆ ಮಾತ್ರ ಒಬ್ಬರನ್ನು ಒಳಗೆ ಬಿಡಬೇಕು, ಟೋಕನ್ ಆಮೇಲೆ. ಹೊರಗೆ ನಿಂತವರು ಲೆಕ್ಕಕ್ಕೇ ಇಲ್ಲ. ಎಂಥಾ ತಲೆ ನೋಡಿ! ಬಾಯಿ ಬಡ್ಕೊಂಡೆ. ನಿಮಗೆ ಆಡಳಿತ ಅರ್ಥವಾಗಲ್ಲ ಸಿಸ್ಟರ್ ಅಂದರು.

ಮೊನ್ನೆ ಮಧ್ಯಾಹ್ನ ಒಂದು ಬೆಡ್ ಖಾಲಿಯಾಯ್ತು. ವಾಚ್‌ಮ್ಯಾನ್‌ಗೆ ಹೇಳೋಣ ಅಂತ ಬಾಗಿಲ ಗಾಜಿನ ಹತ್ತಿರ ಹೋದರೆ, ಹೊರಗೆ ಮೆಟ್ಟಿಲ ಮೇಲೆ ನಮ್ಮ ಭಾವ. ಎದೆ ಹಿಡಿದುಕೊಂಡು ಅಕ್ಕನ ಹೆಗಲಿಗೆ ಒರಗಿದ್ದಾರೆ, ಅಂಗಿಯೆಲ್ಲ ಬೆವರಲ್ಲಿ ತೊಯ್ದಿದೆ. ಚಿಲಕ ಸರಿಸಿ ಹೊರಗೆ ಧಾವಿಸಿದೆ. ಡ್ಯೂಟಿ ಹೊತ್ತಲ್ಲಿ ನನ್ನ ಫೋನು ಬೀರುವಿನಲ್ಲಿರುತ್ತೆ. ಅಕ್ಕ ಫೋನ್ ಮಾಡಿ ಮಾಡಿ ಸಾಕಾಗಿ, ತಂಗಿ ಇಲ್ಲೇ ನರ್ಸು ಅಂತ ವಾಚ್‌ಮ್ಯಾನ್‌ನ ಕಾಲು ಹಿಡಿಯೋದೊಂದು ಬಾಕಿಯಿತ್ತಂತೆ. ಎಲ್ಲರೂ ಹೀಗೇ ಹೇಳ್ತಾರಮ್ಮ ಅಂತ ಅವನು ಕೂರಿಸಿದ್ದನಂತೆ. ಅವನನ್ನೇನು ಬಯ್ಯಲಿ, ಚಿಲಕ ಹಾಕಿಸಿದವನು ಅವನಲ್ಲ.

ಭಾವನನ್ನು ಸ್ಟ್ರೆಚರಿಗೆ ಹಾಕಿಕೊಂಡು ಓಡಿದೆ. ಡಾಕ್ಟರು ಮಾಡ್ತಿದ್ದ ಕೆಲಸ ಬಿಟ್ಟು ಬಂದರು, ಎದೆ ಒತ್ತಿದರು, ಶಾಕ್ ಕೊಟ್ಟರು, ಕೈಲಾದದ್ದೆಲ್ಲ ಮಾಡಿದರು. ಭಾವ ಉಳಿಯಲಿಲ್ಲ.

ಸುದ್ದಿ ಕೇಳಿ ಸಾಹೇಬರು ಕೆಳಗಿಳಿದು ಬಂದರು. ಮೇಲೆ ಸಭೆ ನಡೀತಿತ್ತು, ಮಂಡಳಿಯ ಅಧ್ಯಕ್ಷರೂ ಜೊತೆಗೇ ಬಂದರು. ಸಾಹೇಬರು ಕಂಪ್ಯೂಟರಿನಲ್ಲಿ ಟೋಕನ್ ನೋಡಿಕೊಂಡು, ಅಕ್ಕನ ಎದುರು ಕೈಕಟ್ಟಿ ನಿಂತರು.

"ನಮ್ಮ ಕಡೆಯಿಂದ ಒಂಚೂರೂ ತಡ ಆಗಿಲ್ಲಮ್ಮ. ಬಂದ ಕೂಡಲೇ ನೋಡಿದ್ದೀವಿ."

ಅಕ್ಕ ಅಳುತ್ತಿರಲಿಲ್ಲ.

"ನಾವು ಬಂದದ್ದು ಬೆಳಿಗ್ಗೆ ಸ್ವಾಮಿ. ಇವರು ನಡ್ಕೊಂಡೇ ಬಂದ್ರು" ಅಂದಳು.

ಅಧ್ಯಕ್ಷರು ಸಾಹೇಬರ ಮುಖ ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ ಅವತ್ತು ಕೈ ಎತ್ತಿಬಿಡುತ್ತಿದ್ದೆನೋ ಏನೋ. ಸೀದಾ ಹೋಗಿ ಎರಡೂ ಕದ ತೆಗೆದಿಟ್ಟೆ.

"ಎಲ್ಲರೂ ಒಳಗೆ ಬನ್ನಿ. ಡಾಕ್ಟರು ಒಬ್ಬರೇ ಇರೋದು, ಕಾಯಬೇಕಾಗುತ್ತೆ."

ಅಧ್ಯಕ್ಷರ ಕಿವಿಗೆ ಬೀಳಲಿ ಅಂತಲೇ ಗಟ್ಟಿಯಾಗಿ ಹೇಳಿದೆ. ಕೂಸನ್ನು ಎತ್ತಿಕೊಂಡವರು, ಮುರಿದ ಕೈ ಹಿಡಿದುಕೊಂಡವರು, ಕುಂಟುತ್ತಾ ಗೋಡೆ ಹಿಡಿದವರು, ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರು. ಅಧ್ಯಕ್ಷರು ಬದಿಗೆ ಸರಿದು ದಾರಿ ಬಿಡಬೇಕಾಯ್ತು.