ನಮ್ಮ ಬೀದಿಯವನು

“ಏಯ್ ಮೂಗ, ಏನೋ ಬಾಯ್ ಬಿಟ್ಕೊಂಡ್ ನಿಂತಿದೀಯ, ಬಕೆಟ್ ಎತ್ಕೊಳೋ ಮುಂಡೇಮಗನೆ,” ಎಂದು ಮೇಷ್ಟ್ರು ಕಿರುಚಿದರು. ಕಿವಿಯೇ ಕೇಳದವನ ಮುಂದೆ ಗಂಟಲು ಹರಿದುಕೊಂಡರೆ ಏನು ಬಂತು? ಕೊನೆಗೆ ತಾವೇ ಎದ್ದು ಬಂದು, ಹುಡುಗನ ಹೆಗಲು ಹಿಡಿದು ಬಾಗಿಲ ಕಡೆ ತಿರುಗಿಸಿ, ಬೆನ್ನಿಗೊಂದು ಗುದ್ದು ಕೊಟ್ಟು ಕಕ್ಕಸಿನತ್ತ ಬೆರಳು ತೋರಿಸಿದರು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ಮೂರನೆಯ ಬೆಂಚಿನಲ್ಲಿ ಅವನ ಅಕ್ಕ ಕೂತಿದ್ದಳು. ಅವಳೂ ನಕ್ಕಳು. ಮನಸಾರೆ ಏನಲ್ಲ, ಪಕ್ಕದವಳ ಕಣ್ಣಿಗೆ ಬೀಳುವಷ್ಟು ಹಲ್ಲು ಬಿಟ್ಟಳು ಅಷ್ಟೆ. ಆಮೇಲೆ ಪುಸ್ತಕದಲ್ಲಿ ಮುಖ ಹುದುಗಿಸಿದಳು.

“ಅವ್ನು ನಿಮ್ ಕಡೆಯೋನಲ್ವೇನೆ?” ಪಕ್ಕದವಳು ಮೊಣಕೈಯಲ್ಲಿ ತಿವಿದಳು.

“ನಮ್ ಬೀದಿಯೋನು,” ಅಂದಳು. “ಅಷ್ಟೆ ಕಣೆ.”

ಅಕ್ಕ ತಮ್ಮ ಬೆಳೆದದ್ದು ಹಳೇ ಬಟ್ಟೆಯ ಗೋದಾಮಿನಲ್ಲಿ. ಊರೂರುಗಳಿಂದ ಲಾರಿಯಲ್ಲಿ ಬಂದು ಬೀಳುವ ಹಳೇ ಬಟ್ಟೆಯನ್ನು ಬೇರೆ ಮಾಡಿ, ಗುಂಡಿ ಕಿತ್ತು, ಜಿಪ್ಪು ಕತ್ತರಿಸಿ, ಚಿಂದಿ ಮಾಡುವ ಯಂತ್ರದ ಬಾಯಿಗೆ ಕೊಡುವುದು ಅಮ್ಮನ ಕೆಲಸ. ಆ ಯಂತ್ರ ಶುರುವಾಯಿತೆಂದರೆ ಮುಗಿಯಿತು, ಪಕ್ಕದಲ್ಲಿ ನಿಂತು ಕೂಗಿಕೊಂಡರೂ ಕೇಳುವ ಮಾತಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಊಟಕ್ಕೊಂದು ಸನ್ನೆ, ಬೈಗುಳಕ್ಕೆ ಹತ್ತು ಸನ್ನೆ. ಗಂಡನ ಮೇಲಿನ ದೂರು, ಬಸುರಿನ ಸುದ್ದಿ, ಪೋಲಿ ಮಾತು, ಎಲ್ಲ ಕೈಯಲ್ಲೇ ಆಗುತ್ತಿತ್ತು. ಒಬ್ಬೊಬ್ಬರಿಗೂ ಕೈಯಲ್ಲಿ ಒಂದೊಂದು ಹೆಸರು. ಎದೆಯ ಮೇಲೆ ಎರಡು ಬೆರಳು ಕೂಡಿಸಿ ತಿರುಗಿಸಿದರೆ ತಮ್ಮ, ಅವನು ಅಂಬೆಗಾಲಿಡುವಾಗಿನಿಂದ ಗುಂಡಿ ಆಯ್ದವನು. ಹೆಗಲ ಮೇಲಿಂದ ಇಲ್ಲದ ಜಡೆಯೊಂದನ್ನು ಹಿಡಿದೆಳೆದರೆ ಅಕ್ಕ. ತಮ್ಮನ ಕೈಯಷ್ಟು ಚುರುಕು ಕೈ ಗೋದಾಮಿನಲ್ಲೇ ಇರಲಿಲ್ಲ. ಮೇಸ್ತ್ರಿಯ ಹೊಟ್ಟೆ ಬಾಗಿಲಲ್ಲಿ ಮೊದಲು ಬಂದು, ಮೇಸ್ತ್ರಿ ಆಮೇಲೆ ಬರುವುದನ್ನು ಅವನು ಮಾಡಿ ತೋರಿಸಿದರೆ ಹೆಂಗಸರು ಬಟ್ಟೆಯ ರಾಶಿಯ ಮೇಲೆ ಬಿದ್ದು ನಗುತ್ತಿದ್ದರು. ಅವನನ್ನು ಮೂಗ ಎಂದು ಕರೆಯಬೇಕೆಂದು ಅಲ್ಲಿ ಯಾರಿಗೂ ಹೊಳೆದಿರಲೇ ಇಲ್ಲ.

ಆ ಹೆಸರು ಕೊಟ್ಟಿದ್ದು ಶಾಲೆ. ಗೋದಾಮಿನ ಧಣಿ ಶಾಲೆಗೂ ಅಧ್ಯಕ್ಷನಾದ ಮೇಲೆ, ತನ್ನ ಕೆಲಸದವರ ಮಕ್ಕಳೂ ಓದಲಿ ಎಂದು ನಾಲ್ಕು ಜನರ ಮುಂದೆ ಅಪ್ಪಣೆ ಕೊಡಿಸಿದ. ತಮ್ಮನ ವಿಷಯಕ್ಕೆ ಧಣಿ ಮೂಗು ಮುರಿದಾಗ, ಅಮ್ಮ ಅವನ ಕಾಲು ಹಿಡಿದು ಮಗನನ್ನೂ ಸೇರಿಸಿದಳು. ವಯಸ್ಸು ನೋಡದೆ ಇಬ್ಬರನ್ನೂ ಒಂದೇ ತರಗತಿಗೆ ತುಂಬಿದರು. ಗೋದಾಮಿನ ಮಕ್ಕಳೆಲ್ಲ ಮೇಷ್ಟ್ರಿಗೆ ಒಂದೇ, ಯಾರಿಗೆ ಯಾರು ಏನಾಗಬೇಕೆಂದು ಕೇಳುವ ಪುರುಸೊತ್ತು ಅವರಿಗೆಲ್ಲಿ?

ಮೊದಲ ದಿನ ಗೇಟಿನ ಹತ್ತಿರ ತಮ್ಮ ದೂರದಿಂದಲೇ ಜಡೆ ಎಳೆದು ಅಕ್ಕನನ್ನು ಕರೆದ. ಇಸ್ತ್ರಿ ಬಟ್ಟೆ ತೊಟ್ಟ ಹುಡುಗಿಯರು ಅವನ ಹಾಗೇ ಕೈ ಆಡಿಸಿ, ಕೋತಿಯಂತೆ ಕುಣಿದು ನಕ್ಕರು. ಅಕ್ಕನಿಗೆ ಅಲ್ಲೇ ಭೂಮಿಗಿಳಿದು ಹೋಗುವಂತಾಯಿತು. ಅವನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋಗಿ, ಕೈಯಲ್ಲಿ ಬಿಡಿಸಿ ಹೇಳಿದಳು: ಇಲ್ಲಿ ಜಡೆ ಎಳೀಬೇಡ. ಇಲ್ಲಿ ನಾನು ನಿನ್ನ ಅಕ್ಕ ಅಲ್ಲ. ಬೀದಿಯೋಳು. ನೀನೂ ಬೀದಿಯೋನು. ಎರಡು ಬೆರಳು ನಡೆಸಿ, ಕೈಯನ್ನು ಹೊರಗೆ ಬೀಸಿದರೆ ಬೀದಿಯವರು, ಪರರು ಎಂದರ್ಥ. ತಮ್ಮ ಒಂದು ಕ್ಷಣ ಅವಳ ಕೈಯನ್ನೇ ನೋಡಿ, ನೀಲಿ ಬಟ್ಟೆ ಆ ಕಡೆ, ಬಿಳಿ ಬಟ್ಟೆ ಈ ಕಡೆ ಎಂದರೆ ಒಪ್ಪಿಕೊಳ್ಳುವ ಹಾಗೆ ತಲೆಯಾಡಿಸಿದ.

ಆಮೇಲೆ ಅವನು ಬೆಂಚಿನ ಮೇಲೆ ಕೂತಿದ್ದೇ ಕಡಿಮೆ. ಕಿವಿ ಕೇಳದವನಿಗೆ ಪಾಠ ಯಾಕೆ, ಕಕ್ಕಸಾದರೂ ತೊಳೆಯಲಿ ಎಂದು ಮೇಷ್ಟ್ರು ತೀರ್ಮಾನ ಮಾಡಿದ್ದರು.

ಅಕ್ಕ ನಕ್ಕ ದಿನ ಸಂಜೆ ಅಮ್ಮ ತಮ್ಮನ ಕೈ ಮೂಸಿ ನೋಡಿದಳು. ಫಿನಾಯಿಲ್ ವಾಸನೆ. ಏನಿದು ಎಂದು ಕೈಯಲ್ಲಿ ಕೇಳಿದಳು. ತಮ್ಮ ಅಕ್ಕನ ಮುಖ ನೋಡಿ, ಆಟ ಆಡಿದೆ ಎಂದ. ಅಕ್ಕ ಗೋಡೆ ಕಡೆ ತಿರುಗಿ ಕೂತಳು.

“ಮೇಸ್ತ್ರಿ ಹೇಳ್ದ, ಸ್ಕೂಲಲ್ಲಿ ಫಂಕ್ಷನ್ ಅಂತೆ, ಧಣಿ ಬರ್ತಾರಂತೆ,” ಅಂದಳು ಅಮ್ಮ. “ಇವ್ನಿಗೆ ಕಿವಿ ಮಿಷನ್ ಕೊಡ್ತಾರಂತೆ. ಇವ್ನ ಮಾತು ನೀನು ಮೈಕಲ್ಲಿ ಹೇಳ್ಬೇಕಂತೆ. ತುಂಬ ಉಪಕಾರ ಆಯ್ತು ಅನ್ನು, ಇಳಿದ್ ಬಾ. ಬಾಯಿ ಎಡವಟ್ಟಾದ್ರೆ ನನ್ ಕೆಲ್ಸಾನೂ ಹೋಗುತ್ತೆ, ನಿಮ್ ಸ್ಕೂಲೂ ಹೋಗುತ್ತೆ. ಗೊತ್ತಾಯ್ತಾ?”

ಗೊತ್ತಾಯಿತು. ಅಕ್ಕನಿಗೆ ಆ ಶಾಲೆ ಬೇಕಾಗಿತ್ತು. ಬೆಂಚು, ಪುಸ್ತಕದ ವಾಸನೆ, ಪಕ್ಕದವಳ ಗೆಳೆತನ, ಎಲ್ಲ ಬೇಕಾಗಿತ್ತು. ಅದು ತಪ್ಪೇನು?

ಫಂಕ್ಷನ್ನಿನ ದಿನ ಮುಂದೆ ಕುರ್ಚಿಯಲ್ಲಿ ದೊಡ್ಡವರು ಕೂತರು. ಹಿಂದೆ ನೆಲದ ಮೇಲೆ ಗೋದಾಮಿನವರು ಕೂತರು. ಧಣಿಯ ಔದಾರ್ಯಕ್ಕೆ ಚಪ್ಪಾಳೆ ಹೊಡೆಯುವವರು ಬೇಕಲ್ಲ, ಅದಕ್ಕೆ ಮೇಸ್ತ್ರಿ ಯಂತ್ರ ನಿಲ್ಲಿಸಿ ಎಲ್ಲರನ್ನೂ ಅಟ್ಟಿಕೊಂಡು ಬಂದಿದ್ದ.

ಧಣಿ ತಮ್ಮನ ಕಿವಿಗೆ ಮಿಷನ್ನು ತುರುಕಿದ. ಮೂತಿಯ ಮುಂದೆಯೇ ಚಟಾರನೆ ಚಪ್ಪಾಳೆ ತಟ್ಟಿದ. ತಮ್ಮ ಕಣ್ಣು ಪಿಳುಕಿಸಿದ. ಮುಖದ ಮೇಲೆ ಕೈ ಬಂದರೆ ಯಾರಾದರೂ ಪಿಳುಕಿಸುತ್ತಾರೆ.

“ನೋಡಿ, ಕೇಳಿಸ್ತು,” ಅಂದ ಧಣಿ. ಕುರ್ಚಿಗಳೆಲ್ಲ ಚಪ್ಪಾಳೆ ಹೊಡೆದವು. ಮೇಷ್ಟ್ರು ಕಣ್ಣೊರೆಸಿಕೊಂಡರು.

“ಸ್ಕೂಲಲ್ಲಿ ಏನೇನ್ ಕಲ್ತಿದಾನೆ ಕೇಳಮ್ಮ,” ಎಂದು ಧಣಿ ಮೈಕನ್ನು ಅಕ್ಕನ ಮುಂದೆ ಹಿಡಿದ.

ಅಕ್ಕ ಕೈಯಲ್ಲಿ ಕೇಳಿದಳು. ತಮ್ಮ ಮುಚ್ಚುಮರೆಯಿಲ್ಲದೆ ಹೇಳಿದ. ಬಕೆಟ್ಟು. ಪೊರಕೆ. ಹೇಲು ತಿಕ್ಕುವುದು. ಮೂಗು ಹಿಡಿದು ವಾಸನೆ ತೋರಿಸಿದ, ಬೆನ್ನಿಗೆ ಬೀಳುವ ಗುದ್ದು ತೋರಿಸಿದ. ಬಾಗಿಲಾಚೆ ನಿಂತು ಒಳಗಿನ ಬೋರ್ಡು ನೋಡುವುದನ್ನೂ ಮಾಡಿದ.

“ಓದೋದು ಬರೆಯೋದು ಕಲ್ತಿದೀನಿ ಅಂತಿದಾನೆ,” ಎಂದಳು ಅಕ್ಕ. “ಮೇಷ್ಟ್ರು ತುಂಬ ಪ್ರೀತಿಯಿಂದ ನೋಡ್ಕೋತಾರಂತೆ. ತುಂಬ ಉಪಕಾರ ಆಯ್ತಂತೆ.”

ಕುರ್ಚಿಗಳು ಮತ್ತೆ ಚಪ್ಪಾಳೆ ಹೊಡೆದವು. ನೆಲದ ಮೇಲೆ ಕೂತವರು ಮಾತ್ರ ಹೊಡೆಯಲಿಲ್ಲ. ಆಗ ಅಕ್ಕನಿಗೆ ಹೊಳೆಯಿತು. ಅವರಿಗೆಲ್ಲ ತಮ್ಮನ ಕೈ ಓದಲು ಬರುತ್ತದೆ. ಅವನು ಹೇಳಿದ್ದೂ ಗೊತ್ತಾಗಿದೆ, ಅವಳು ಹೇಳಿದ್ದೂ ಕೇಳಿಸಿದೆ. ಅಷ್ಟೂ ಕಣ್ಣುಗಳು ಅವಳ ಮೇಲೆ ನೆಟ್ಟಿದ್ದವು. ಅಮ್ಮ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

“ಭೇಷ್,” ಅಂದ ಧಣಿ. “ನೀನು ಇವ್ನಿಗೆ ಏನಾಗ್ಬೇಕಮ್ಮ?” ಎಂದು ಅವಳತ್ತ, ಅವನತ್ತ ಬೆರಳಾಡಿಸಿದ.

ಮುಂದಿನ ಸಾಲಿನ ಪಕ್ಕದಲ್ಲೇ ಇಸ್ತ್ರಿ ಬಟ್ಟೆಯ ಹುಡುಗಿಯರು ಕೂತಿದ್ದರು. ಅವಳು ಬಾಯಿ ತೆರೆಯುವುದರೊಳಗೆ ತಮ್ಮ ಆ ಬೆರಳಿನ ಪ್ರಶ್ನೆಯನ್ನು ಅರ್ಥ ಮಾಡಿಕೊಂಡಿದ್ದ. ಎರಡು ಬೆರಳು ನಡೆಸಿ, ಕೈಯನ್ನು ಹೊರಗೆ ಬೀಸಿದ. ಬೀದಿಯೋಳು. ಸರಿಯಾಗಿ ಹೇಳಿದೆನೇ ಎಂಬಂತೆ ಅಕ್ಕನ ಮುಖ ನೋಡಿದ.

ಹಿಂದಿನಿಂದ ಒಬ್ಬ ಮುದುಕಿ “ಅಯ್ಯೋ ಕಂದ” ಅಂದಳು. ಅಮ್ಮ ತಲೆ ಎತ್ತಿದಳು. ಮಗನನ್ನು ನೋಡಿದಳು, ಮಗಳನ್ನು ನೋಡಿದಳು, ಈ ಸನ್ನೆ ಅವನಿಗೆ ಕಲಿಸಿದ್ದು ಯಾರೆಂದು ಅವಳಿಗೆ ತಿಳಿದುಹೋಯಿತು. ಆ ನೋಟದ ಮುಂದೆ ಅಕ್ಕನಿಗೆ ಮೈಮೇಲೆ ಬಟ್ಟೆಯೇ ಇಲ್ಲವೆನ್ನಿಸಿತು. ಥೂ ನನ್ನ ಜನ್ಮಕ್ಕೆ, ಅಂದುಕೊಂಡಳು.

“ಸುಳ್ಳು,” ಎಂದಳು ಮೈಕಿನಲ್ಲಿ. “ಇವ್ನು ನನ್ ತಮ್ಮ. ಒಡಹುಟ್ಟಿದ ತಮ್ಮ. ಇವ್ನು ಓದೋದು ಕಲ್ತಿಲ್ಲ ಸಾರ್, ಇವ್ನ ಕೈಲಿ ಮೇಷ್ಟ್ರು ದಿನಾ ಕಕ್ಕಸು ತೊಳಸ್ತಾರೆ. ಇವ್ನಿಗೆ ಬೆಂಚು ಬೇಕು. ನಾನು...”

ಮೈಕು ಕೊರ್ ಎಂದು ಸತ್ತಿತು. ಮೇಷ್ಟ್ರು ವೈರು ಕಿತ್ತಿದ್ದರು. “ಇಳಿಯೇ ಕೆಳಗೆ, ಅನ್ನ ಹಾಕಿದ ಮನೆಗೆ ಕನ್ನ ಹಾಕೋ ಬೋಳಿ,” ಎಂದು ಹಲ್ಲು ಕಚ್ಚಿದರು.

ಯಂತ್ರದ ಗದ್ದಲದಲ್ಲಿ ಹುಟ್ಟಿ ಬೆಳೆದವಳಿಗೆ ಮೈಕು ಯಾಕೆ ಬೇಕು? ಅಕ್ಕ ವೇದಿಕೆಯ ತುದಿಗೆ ಬಂದು ಕೈ ಎತ್ತಿದಳು. ಬಕೆಟ್ಟು ಎಂದಳು, ಗುದ್ದು ಎಂದಳು. ಅವನನ್ನು ನೋಡಿ ಎಲ್ಲರೂ ನಕ್ಕರು ಎಂದಳು. ತನ್ನೆದೆ ಮುಟ್ಟಿಕೊಂಡು, ನಾನೂ ನಕ್ಕೆ ಎಂದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕಡೆಗೆ ಎದೆಯ ಮೇಲೆ ಎರಡು ಬೆರಳು ತಿರುಗಿಸಿ, ತನ್ನ ನಿಜವಾದ ಜಡೆಯನ್ನು ಹಿಡಿದು ಎಳೆದು ತೋರಿಸಿದಳು.

ತಮ್ಮ ಕಿವಿಯ ಮಿಷನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅವಳ ಪಕ್ಕ ಬಂದು ನಿಂತು ಜಡೆ ಎಳೆದ.

ನೆಲದ ಮೇಲಿದ್ದವರು ಒಬ್ಬೊಬ್ಬರೇ ಏಳತೊಡಗಿದರು. ಕೈಗಳು ಆಡತೊಡಗಿದವು. ಒಂದು ಸದ್ದಿಲ್ಲ. ಕುರ್ಚಿಯವರು ಹಿಂದೆ ತಿರುಗಿ ಪಿಳಿಪಿಳಿ ನೋಡಿದರು. ಧಣಿ ಬೆವರೊರೆಸಿಕೊಂಡು ಅಮ್ಮನನ್ನು ಹುಡುಕಿ ಬೆರಳು ತೋರಿಸಿದ.

“ಏಯ್, ಏನೇ ಅಂತಿದಾಳೆ ನಿನ್ ಮಗಳು? ಬಾಯಿ ಬಿಟ್ಟು ಹೇಳು. ನಾಳೆಯಿಂದ ಕೆಲ್ಸ ಬೇಕೋ ಬೇಡ್ವೋ?”

ಅಮ್ಮ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಯಿ ಬಿಡಲಿಲ್ಲ. ಎರಡೂ ಕೈ ಎತ್ತಿ, ನಿಧಾನವಾಗಿ, ಬೈಗುಳದ ಹತ್ತು ಸನ್ನೆಗಳಲ್ಲಿ ಒಂದೂ ಬಿಡದಂತೆ ಧಣಿಗೆ ಉತ್ತರ ಹೇಳಿದಳು.

“ಏನಂತಿದಾಳೆ ಇವ್ಳು?” ಧಣಿ ಮೇಸ್ತ್ರಿಯನ್ನು ಕೇಳಿದ, ಮೇಷ್ಟ್ರನ್ನು ಕೇಳಿದ, ಕೊನೆಗೆ ನಿಂತವರನ್ನೆಲ್ಲ ಕೇಳಿದ. “ಯಾರಾದ್ರೂ ಹೇಳ್ರೋ.”

ಯಾರೂ ಹೇಳಲಿಲ್ಲ.