ಎಡಗಡೆಯ ಬಾಕ್ಸು

ಆ ದಿನ ಬೆಳಗ್ಗೆ ಬೀದರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಚೌಬಾರಾ ಗೋಪುರದ ಬುಡದಲ್ಲಿ ನಿಂತವರಿಗೂ ಅದರ ನೆತ್ತಿ ಕಾಣುತ್ತಿರಲಿಲ್ಲ. ಹಾಲಿನವರ ಗಂಟೆ ಮೊದಲು ಕೇಳುತ್ತಿತ್ತು, ಸೈಕಲ್ಲು ಆಮೇಲೆ ಮೂಡುತ್ತಿತ್ತು. ಅಂಥ ಒಂದು ಸೈಕಲ್ಲು ಎಡಗಡೆಯಿಂದ ಬಂದು ಹಾವಗೆಪ್ಪನ ಮೊಣಕೈಗೆ ತಾಗಿಯೇ ಹೋಯಿತು.

"ಗಂಟಿ ಬಾರಿಸಿ ಬಾರಿಸಿ ಸಾಕಾತು. ನಿದ್ದ್ಯಾಗೇ ನಡೀತೀರೇನ್ರಿ ಯಜಮಾನ್ರ?" ಎಂದು ಹಾಲಿನವನು ಮಂಜಿನೊಳಗಿಂದಲೇ ಬೈದ.

ಹಾವಗೆಪ್ಪ ಬೆನ್ನ ಮೇಲಿನ ಗಿಟಾರಿನ ಚೀಲ ಸರಿಮಾಡಿಕೊಂಡ. ಅಂಗಿಯ ಕಿಸೆಯ ಮೇಲೆ ಕೈ ಹೋಯಿತು. ಅಲ್ಲೊಂದು ಚೌಕ ಬ್ಯಾಟರಿ ಇತ್ತು. ಅದು ಅವನದಾಗಿರಲಿಲ್ಲ.

ಹಾವಗೆಪ್ಪನದು ಹಲಬರ್ಗಾದಲ್ಲಿ ಹಿಟ್ಟಿನ ಗಿರಣಿ. ಹಗಲೆಲ್ಲ ಜೋಳ ಬೀಸುವುದು, ಸಂಜೆ ಸ್ನಾನ ಮಾಡಿ ವಿಭೂತಿ ಧರಿಸಿ ಭಾಲ್ಕಿಗೆ ಹೋಗಿ ಓಂಪ್ರಕಾಶರ ವಚನ ಗಾಯನ ತಂಡದಲ್ಲಿ ಗಿಟಾರ್ ನುಡಿಸುವುದು. ಶರಣರ ಮಾತಿಗೆ ವಿದ್ಯುತ್ ಗಿಟಾರು ಯಾಕೆ ಎಂದು ಮೊದಮೊದಲು ಕೆಲವರು ಮೂಗು ಮುರಿದಿದ್ದರು. ಕೇಳಿದ ಮೇಲೆ ಸುಮ್ಮನಾದರು. ಹೈದರಾಬಾದಿನ ಆರ್ಕೆಸ್ಟ್ರಾದವರೊಬ್ಬರು ಮಾರಿದ ಹಳೆಯ ಗಿಟಾರು ಅದು. ಬಂದ ಹೊಸದರಲ್ಲೇ ಅದರ ಪಿಕಪ್ ಸತ್ತಿತ್ತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂರುವ ಸಣ್ಣ ಪಟ್ಟಿ. ಅಯಸ್ಕಾಂತಕ್ಕೆ ಕೂದಲಿಗಿಂತ ತೆಳುವಾದ ತಾಮ್ರದ ಎಳೆ ಸುತ್ತಿರುತ್ತಾರೆ. ತಂತಿಯ ಅಲುಗಾಟವನ್ನು ಹಿಡಿದು ಸ್ಪೀಕರಿನ ಬಾಕ್ಸಿಗೆ ಕಳಿಸುವುದು ಅದೇ. ಬೀದರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಹುಸೇನ ಅದನ್ನು ಬಿಚ್ಚಿ ನೋಡಿ, "ಇಂಥ ಎಳಿಗೆ ನನ್ನ ಬಟ್ಟು ದಪ್ಪ ಆತು" ಎಂದು ಹೆಂಡತಿಗೆ ಕೊಟ್ಟಿದ್ದ. ಖತೀಜಾ ಬೇಗಂ ಮನೆಯ ಬಾಗಿಲಲ್ಲಿ ಬೆಳಕಿಗೆ ಕೂತು ಅದನ್ನು ಸುತ್ತಿಕೊಟ್ಟಿದ್ದಳು. ಅಂದಿನಿಂದ ಹಾವಗೆಪ್ಪ ನುಡಿಸಿದ್ದೆಲ್ಲ ಆ ಸುರುಳಿಯ ದನಿಯೇ.

ಹೋದ ವರ್ಷ ತಂಡಕ್ಕೆ ಅಜರ ಬಂದ. ಬೀದರಿನ ಮೊಬೈಲ್ ಅಂಗಡಿಯಲ್ಲಿ ಕೆಲಸ, ಮೆದು ಮಾತಿನ ಹುಡುಗ. ಅವನ ಗಿಟಾರಿನದು ಆಕ್ಟಿವ್ ಪಿಕಪ್, ಅದರ ಹಿಂಬದಿಯ ಗೂಡಿನಲ್ಲಿ ಒಂದು ಬ್ಯಾಟರಿ. ತಂಡದಲ್ಲಿ ಅಲ್ಲಿಯತನಕ ಒಂದೇ ಬಾಕ್ಸಿತ್ತು, ಎದುರಿಗೆ. ಈಗ ಎರಡಾದವು: ಬಲಕ್ಕೆ ಅಜರನದು, ಎಡಕ್ಕೆ ಹಾವಗೆಪ್ಪನದು. ಆವತ್ತಿನಿಂದ ಹಾವಗೆಪ್ಪನಿಗೆ ತನ್ನ ದನಿ ಬಾವಿಯೊಳಗಿಂದ ಬಂದಂತೆ ಕೇಳತೊಡಗಿತು. ಅಜರನದು ಮಾತ್ರ ಗಣಗಣ ಕೇಳುತ್ತಿತ್ತು.

"ಬೇಗಂ ಸುತ್ತಿದ್ದು ಮುದಿ ಆತು" ಎಂದು ಹಾವಗೆಪ್ಪ ತಂಡದವರೆದುರು ಅಂದ. "ಬ್ಯಾಟರಿ ಇದ್ದಾಂವನ ಮುಂದ ಬರಿಗೈಲಿಂದ ನಿಂತಂಗ ಆಗೇದ" ಎಂದೂ ಅಂದ.

ಆಮೇಲೆ ಔರಾದದ ಕಾರ್ಯಕ್ರಮ. ಎಲ್ಲರೂ ಪ್ರಸಾದಕ್ಕೆ ಎದ್ದು ಹೋಗಿದ್ದರು. ವೇದಿಕೆಯ ಮೇಲೆ ಹಾವಗೆಪ್ಪನೊಬ್ಬನೇ ಇದ್ದ, ಮಗ್ಗುಲಲ್ಲಿ ಅಜರನ ಗಿಟಾರು ಕವುಚಿ ಮಲಗಿತ್ತು. ಹೆಬ್ಬೆರಳು ಒತ್ತಿದರೆ ಗೂಡಿನ ಮುಚ್ಚಳ ತೆರೆದುಕೊಳ್ಳುತ್ತದೆ. ಮನುಷ್ಯನ ಕೈ ಒಮ್ಮೊಮ್ಮೆ ಮನಸ್ಸನ್ನು ಕೇಳದೆ ನಡೆದುಬಿಡುತ್ತದೆ; ಕೇಳಿ ನಡೆದದ್ದಾದರೆ ಇನ್ನೂ ಕೆಟ್ಟದ್ದು. ಅವನದು ಎರಡನೆಯದು.

ಆಕ್ಟಿವ್ ಗಿಟಾರಿಗೆ ಬ್ಯಾಟರಿ ಇಲ್ಲದಿದ್ದರೆ ತಂತಿ ಅಲುಗುತ್ತದೆ, ಅಷ್ಟೇ. ಬಾಕ್ಸಿಗೆ ಏನೂ ಹೋಗುವುದಿಲ್ಲ. ಅಜರ ಮೀಟಿದ, ಮೀಟಿದ, ಗೂಡು ತೆರೆದ. ಖಾಲಿ. "ಬುತ್ತಿ ಮನ್ಯಾಗ ಬಿಟ್ಟು ಬಂದೀಯೇನಪಾ?" ಎಂದು ಯಾರೋ ಕೂಗಿದರು, ಜನ ನಕ್ಕರು. ಆ ದಿನ ಬೆಳಗ್ಗೆಯಷ್ಟೇ ಹಳೆಯದನ್ನು ತೆಗೆದು ಹೊಸದು ಹಾಕಿದ್ದ ಅಜರ, ಹಾಕಲೇ ಇಲ್ಲವೇನೋ ಎಂದು ತನ್ನನ್ನೇ ಅನುಮಾನಿಸಿಕೊಂಡು ತಲೆ ತಗ್ಗಿಸಿದ.

ಓಂಪ್ರಕಾಶರು ಕೋಪದಲ್ಲಿ ಒಂದು ತೀರ್ಮಾನ ಹೇಳಿದರು. "ಜೀಪಿನಾಗ ಇನ್ನ ಒಂದೇ ಗಿಟಾರಿಗೆ ಜಾಗ. ಎರಡೂ ಹುಸೇನನ ಕಡಿ ಒಯ್ದು ಒಂದರ ಮುಂದ ಒಂದು ಇಟ್ಟು ನೋಡ್ರಿ. ಯಾವ್ದರ ದನಿ ಗಟ್ಟಿ ಅದನೋ ಅದು ಠಾಣಾ ಕುಶನೂರಿನ ಕಾರ್ಯಕ್ರಮಕ್ಕ ಬರ್ಲಿ, ಮುಂದನೂ ಬರ್ಲಿ. ಇನ್ನೊಂದು ಮನ್ಯಾಗ ಇರ್ಲಿ."

ಹೀಗಾಗಿ ಹಾವಗೆಪ್ಪ ಬೀದರಿಗೆ ಬಂದಿದ್ದ. ಬ್ಯಾಟರಿಯನ್ನು ಎಸೆಯಲು ಅವನಿಗೆ ಆಗಿರಲಿಲ್ಲ. ಅದಕ್ಕೆ ಅಜರನ ತಾಯಿ ಅಷ್ಟೂರಿನ ದರ್ಗಾದ ಹಸಿರು ದಾರ ಸುತ್ತಿದ್ದಳು. ಅಷ್ಟೂರಿಗೆ ಹಾವಗೆಪ್ಪನೂ ಪ್ರತಿ ವರ್ಷ ಹೋಗಿ ಕಾಯಿ ಒಡೆಸುವವನು. ಬ್ಯಾಟರಿಯನ್ನು ಮನೆಯ ಗೋಡೆಯ ಮಾಡದಲ್ಲಿ ವಿಭೂತಿಗಟ್ಟಿಯ ಪಕ್ಕ ಇಟ್ಟಿದ್ದ. ದಿನಾ ಬೆಳಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ದೃಷ್ಟಿ ಲಿಂಗದ ಮೇಲೆ ನಿಲ್ಲುತ್ತಿರಲಿಲ್ಲ, ಮಾಡದ ಕಡೆ ಹೋಗುತ್ತಿತ್ತು.

ಹುಸೇನನ ಅಂಗಡಿಯಲ್ಲಿ ವಾರ್ನಿಷ್ ವಾಸನೆ ತುಂಬಿತ್ತು. ಅಜರ ಆಗಲೇ ಬಂದು, ದನಿ ಏರಿಳಿಸುವ ತಂಡದ ಸಣ್ಣ ಮಿಕ್ಸರು, ಒಂದು ಬಾಕ್ಸು ಜೋಡಿಸಿಟ್ಟಿದ್ದ. ಗಿಟಾರಿನ ಗೂಡು ತೆರೆದು ಹೊಸ ಬ್ಯಾಟರಿ ನೋಡಿದ, ಮುಚ್ಚಿದ, ಮತ್ತೆ ತೆರೆದ.

"ಎಷ್ಟು ಸಲ ನೋಡ್ತೀ? ಅದೇನು ಮರಿ ಹಾಕ್ತದೇನು?" ಎಂದ ಹುಸೇನ.

"ಭರೋಸಾ ಹೋಗೇದರಿ ಚಾಚಾ. ಬ್ಯಾಟರಿ ಮ್ಯಾಲ ಅಲ್ಲ, ನನ್ನ ಮ್ಯಾಲ."

ಹಾವಗೆಪ್ಪ ಗೋಡೆಯ ಕಡೆ ನೋಡಿದ.

ಹುಸೇನ ತನ್ನ ಮೀಟರನ್ನು ತಂದು ಮೊದಲು ಹಾವಗೆಪ್ಪನ ಗಿಟಾರಿಗೆ ಹಿಡಿದ. ಮುಳ್ಳು ಏರಿ ನಿಂತಿತು. ಆಮೇಲೆ ಅಜರನದಕ್ಕೆ ಹಿಡಿದ. ಮುಳ್ಳು ಎಲ್ಲೆಲ್ಲೋ ಹೋಯಿತು. "ಇದು ಸುಟ್ಟದ. ವೈಂಡಿಂಗ್ ಹೋಗೇದ" ಎಂದು ಡಾಕ್ಟರನಂತೆ ಹೇಳಿದ.

ಅಜರನಿಗೆ ನಗು ತಡೆಯಲಿಲ್ಲ. "ಇದು ನೀರೆತ್ತೋ ಮೋಟಾರ್ ಅಲ್ಲರಿ ಚಾಚಾ. ಒಳಗ ಇರೋ ಸುರುಳಿ ಭಾಳ ಸಣ್ಣದು. ಅದು ತಾನ ಪಿಸಿಪಿಸಿ ಮಾತಾಡ್ತದ. ಬ್ಯಾಟರಿ ಅದನ್ನ ಎತ್ತಿ ದೊಡ್ಡದು ಮಾಡ್ತದ. ನೀವು ಅಳದದ್ದು ಸುರುಳಿ ಅಲ್ಲ, ನಡುವಿನ ಸಾಮಾನು."

"ಅಂದ್ರ ನಿಂದು ಹುಟ್ಟಾ ಸಣ್ಣ ದನಿ?" ಹಾವಗೆಪ್ಪ ತಟ್ಟನೆ ಕೇಳಿದ.

"ಹೌದರಿ ಕಾಕಾ. ಬ್ಯಾಟರಿ ತಗದ್ರ ಚಾಚಿ ಸುತ್ತಿದ್ದರ ಮುಂದ ನಂದೇನೂ ಇಲ್ಲ. ಬ್ಯಾಟರಿ ಹಾಕಿದ್ರ ಹೆಚ್ಚುಕಮ್ಮಿ ಸಮ ಆಗ್ಬೇಕು."

ಒಂದೇ ವೈರು, ಒಂದೇ ಬಾಕ್ಸು, ಮಿಕ್ಸರಿನ ಗುಂಡಿ ಯಾರೂ ಮುಟ್ಟಬಾರದು ಎಂದಾಯಿತು. ಆದರೆ ಹಾವಗೆಪ್ಪ ತನ್ನದನ್ನು ಬಡಿದಂತೆ ಮೀಟಿದ, ಅಜರ ಹೆದರಿ ಸವರಿದ. ಅಂಗಡಿಯ ಹಿಂದಿನ ಮನೆಯಿಂದ ಖತೀಜಾ ಬೇಗಂ ಸೆರಗಿಗೆ ಕೈ ಒರೆಸುತ್ತ ಬಂದಳು. "ನೀವು ಇಬ್ರೂ ಕೈ ಬಿಡ್ರಿ. ನಾ ಹೊಡೀತೇನಿ. ನನಗ ಹಾಡೂ ಬರಲ್ಲ, ಹಟನೂ ಇಲ್ಲ."

ಎಳೆ ಸುತ್ತುವ ಕೈ ಅದು, ಹೆಚ್ಚು ಕಡಿಮೆ ಅರಿಯದು. ದಪ್ಪ ತಂತಿಯನ್ನು ಮೊದಲು ಅಜರನದರಲ್ಲಿ ಮೀಟಿದಳು, ಆಮೇಲೆ ಹಾವಗೆಪ್ಪನದರಲ್ಲಿ. ದನಿ ಎಷ್ಟು ಗಟ್ಟಿ ಎಂದು ತೋರಿಸುವ ಮಿಕ್ಸರಿನ ಹಸಿರು ದೀಪಗಳು ಏರಿ ಹಳದಿಯ ಹೊಸ್ತಿಲಲ್ಲಿ ನಿಂತವು. ಎರಡನೆಯ ಸಲವೂ ಅಲ್ಲಿಯೇ. ಹಾವಗೆಪ್ಪನದು ಹಳದಿಯನ್ನು ಒಮ್ಮೆ ಮುಟ್ಟಿ ಇಳಿಯಿತು.

"ನಿಂದೇ ಒಂದು ಕೂದಲು ಮ್ಯಾಲ ಅದ ಹಾವಗೆಪ್ಪಣ್ಣ" ಎಂದ ಹುಸೇನ. "ಮುದಿ ಆಗೇದ ಅಂದಿದ್ದಿ ಅಲ್ಲ, ನಮ್ಮ ಬೇಗಂ ಸುತ್ತಿದ್ದಕ್ಕ?"

ಬೇಗಂ ಚಹಾ ತರಲು ಒಳಗೆ ಹೋದಳು. ಹಾವಗೆಪ್ಪನಿಗೆ ಸಂತೋಷವಾಗಬೇಕಿತ್ತು. ಬಾಕ್ಸಿನಿಂದ ಎರಡೂ ಸಮನಾಗಿಯೇ ಕೇಳಿದ್ದವು. ಹಾಗಾದರೆ ಇಷ್ಟು ದಿನ ತನ್ನ ದನಿ ಬಾವಿಗೆ ಬಿದ್ದದ್ದು ಹೇಗೆ?

"ಇನ್ನೊಮ್ಮಿ ನುಡಸು, ನಂದು" ಎಂದು ಅಜರನಿಗೆ ತನ್ನ ಗಿಟಾರು ಕೊಟ್ಟು ಸ್ಟೂಲಿನ ಮೇಲೆ ಕೂತ. ಬಾಕ್ಸು ಅವನ ಬಲಕ್ಕಿತ್ತು. ಅಜರ ನುಡಿಸುತ್ತಿದ್ದಂತೆ ಚಹಾದ ತಟ್ಟೆಗೆ ಜಾಗ ಬೇಕೆಂದು ಹುಸೇನ ಬಾಕ್ಸನ್ನು ಎತ್ತಿ ಹಾವಗೆಪ್ಪನ ಎಡಕ್ಕೆ ಇಟ್ಟ.

"ಯಾಕ ಸಣ್ಣ ಮಾಡಿದಿ?" ಎಂದ ಹಾವಗೆಪ್ಪ.

"ಮುಟ್ಟಿಲ್ಲರಿ ಕಾಕಾ."

"ಸಣ್ಣ ಆತಲ್ಲ. ಹಿಂಗೇ ಆಗ್ತದ ನೋಡು, ಔರಾದದಾಗೂ ಹಿಂಗೇ."

ಅಜರ ದೀಪಗಳನ್ನು ನೋಡಿದ. ಹಳದಿಯ ಹೊಸ್ತಿಲಲ್ಲೇ ಇದ್ದವು. ಹುಸೇನನೂ ನೋಡಿದ. ಅಷ್ಟರಲ್ಲಿ ಬೇಗಂ ಚಹಾ ಹಿಡಿದು ಹಾವಗೆಪ್ಪನ ಎಡಕ್ಕೆ ನಿಂತು, "ಅಣ್ಣಾ, ಚಾ ತಗೋರಿ" ಎಂದಳು. ಅವನು ತಿರುಗಲಿಲ್ಲ. ಮತ್ತೆ ಕರೆದಳು. ಅವನು ಮಿಕ್ಸರನ್ನೇ ನೋಡುತ್ತಿದ್ದ. ಆಕೆ ಗಂಡನ ಮುಖ ನೋಡಿ, ಸುತ್ತಿ ಬಂದು ಬಲಗಡೆ ನಿಂತು ಅದೇ ಮೆಲುದನಿಯಲ್ಲಿ, "ಅಣ್ಣಾ, ಚಾ" ಎಂದಳು. ತಕ್ಷಣ ಕೈ ಚಾಚಿದ.

ಅಜರ ನುಡಿಸುವುದನ್ನು ನಿಲ್ಲಿಸಿದ.

"ಗಿರಣ್ಯಾಗ ನಿಮ್ಮ ಇಂಜಿನ್ನು ಯಾವ ಕಡಿ ಅದರಿ ಅಣ್ಣಾ?" ಎಂದು ಬೇಗಂ ಕೇಳಿದಳು.

ಹಾವಗೆಪ್ಪ ಎಡಗೈ ಎತ್ತಿ ತೋರಿಸಿದ. ಆ ಕೈ ಅಲ್ಲೇ ನಿಂತಿತು. ಬೆಳಗಿನ ಸೈಕಲ್ಲು ನೆನಪಾಯಿತು. ಚಹಾ ಕೆಳಗಿಟ್ಟು ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದ. ಗಲ್ಲಿಯ ಆಟೋ, ಪಕ್ಕದ ಅಂಗಡಿಯ ಸುತ್ತಿಗೆ, ಎಲ್ಲವೂ ಮಂಜಿನೊಳಗೆ ಹೋದವು. ಹುಸೇನನ ತುಟಿಗಳು ಅಲುಗುತ್ತಿದ್ದವು. ತಂತಿ ಅಲುಗಿಯೂ ಬಾಕ್ಸಿಗೆ ಏನೂ ಹೋಗದ ಗಿಟಾರಿನಂತೆ.

ಕೈ ತೆಗೆದ. ಹುಸೇನನ ಫೋನು ರಿಂಗಾಗುತ್ತಿತ್ತು.

"ಓಂಪ್ರಕಾಶ ಸಾಹುಕಾರ್ರು" ಎಂದ ಹುಸೇನ, ಫೋನನ್ನು ಎದೆಗೆ ಹಿಡಿದು. "ಯಾರ್ದು ಗಟ್ಟಿ ಅದ ಅಂತ ಕೇಳ್ಲತ್ತಾರ. ಏನ್ ಹೇಳ್ಲಿ?"

ಅಜರ ಆಗಲೇ ತನ್ನ ಗಿಟಾರನ್ನು ಚೀಲಕ್ಕೆ ಇಳಿಸುತ್ತಿದ್ದ. "ಕಾಕಾನ್ದು ಅಂತ ಹೇಳ್ರಿ ಚಾಚಾ. ದೀಪ ಸುಳ್ಳು ಹೇಳಲ್ಲ. ಕಾಕಾನ ಬಾಕ್ಸು ಬಲಕ್ಕಿಟ್ರ ಆತು, ಯಾರ್ಗೂ ಏನೂ ಹೇಳೋದು ಬ್ಯಾಡ. ನನ್ನಂಥ ಮರೆಗುಳೀನ ನಂಬಿ ಯಾರು ಕರ್ಕೊಂಡು ಹೋಗ್ತಾರ?"

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಹಾವಗೆಪ್ಪನಿಗೆ ಹಗುರಾಗುತ್ತಿತ್ತು.

"ಇಬ್ರದೂ ಸಮ ಅದ ಅಂತ ಹೇಳು ಹುಸೇನಾ" ಎಂದ. "ಒಂದೇ ಹೋಗೋದಾದ್ರ ಅಜರ ಹೋಗ್ತಾನ. ಔರಾದದಾಗ ಆಗಿದ್ದು ಅವನ ತಪ್ಪಲ್ಲ. ಯಾರ ತಪ್ಪು ಅಂತ ಸಂಜಿಕ್ಕ ನಾನೇ ಭಾಲ್ಕಿಗಿ ಬಂದು ಹೇಳ್ತೇನಿ."

ಹುಸೇನ ಕೇಳಿದ್ದನ್ನು ಕೇಳಿದಂತೆಯೇ ಫೋನಿಗೆ ಹೇಳುತ್ತ ಬಾಗಿಲಾಚೆ ಹೋದ.

ಅಜರ ಚೀಲದ ಜಿಪ್ಪು ಹಿಡಿದು ಕೂತೇ ಇದ್ದ. ಹಾವಗೆಪ್ಪ ಸ್ಟೂಲಿನಿಂದ ಇಳಿದು ಅವನೆದುರು ನೆಲದ ಮೇಲೆ ಕೂತ. ಕಿಸೆಯಿಂದ ಬ್ಯಾಟರಿ ತೆಗೆದ. ಹಸಿರು ದಾರಕ್ಕೆ ವಿಭೂತಿಯ ಬಿಳಿ ಹತ್ತಿತ್ತು. ಒರೆಸಲು ಹೋಗಿ, ಒರೆಸದೆ, ಹುಡುಗನ ಅಂಗೈ ಬಿಡಿಸಿ ಅದರಲ್ಲಿಟ್ಟು ಬೆರಳು ಮಡಚಿದ.