ಸೇಂದಿ ಹಾಕಿದ ಶುಂಠಿ ಕೇಕು

ನನ್ನ ನೆಗೆಣ್ಣಿ ಗುರುಲಿಂಗಮ್ಮ ಏನು ಮಾಡಿದರೂ ಮನೆಮಂದಿ ಹೊಗಳುತ್ತಿದ್ದರು. ನಾನು ಮಾಡಿದ್ದನ್ನು ಸುಮ್ಮನೆ ತಿನ್ನುತ್ತಿದ್ದರು. ಆರು ವರ್ಷ ಇದನ್ನು ನುಂಗಿಕೊಂಡಿದ್ದೆ.

ಐವತ್ತೆರಡನೇ ಇಸವಿಯಲ್ಲಿ ನಾದಿನಿಯನ್ನು ನೋಡಲು ಸಿಂಧನೂರಿನಿಂದ ಬೀಗರು ಬರುವವರಿದ್ದರು. ಹುಡುಗ ಕಾಲುವೆ ಆಫೀಸಿನಲ್ಲಿ ಓವರ್ಸಿಯರ್. ಅವನಿಗೆ ಶುಂಠಿ ಕೇಕೆಂದರೆ ಪ್ರಾಣವಂತೆ. ನಮ್ಮ ಮಾವ ದೊಡ್ಡಬಸಪ್ಪ, ಸೊಸೆಯರಿಬ್ಬರೂ ಸೋಮವಾರ ಒಂದೊಂದು ಮಾಡಿರಿ, ಚೆನ್ನಾಗಿದ್ದುದನ್ನು ಬೀಗರಿಗೆ ಕೊಡೋಣ ಎಂದರು. ಗುರುಲಿಂಗಮ್ಮ ಮೊಸರು, ಸೋಡಾ ಹಾಕಿ ಮಾಡುವವಳಿದ್ದಳು. ನಾನು ಲಾಲ್‌ಬೀಗೆ ಹೇಳಿ ಕಳಿಸಿದೆ.

ಲಾಲ್‌ಬೀ ಲಿಂಗಸುಗೂರಿನ ದಂಡಿನ ಛಾವಣಿಯವಳು. ಹಿಂದೆ ಸಾಹೇಬರ ಬಂಗಲೆಯಲ್ಲಿ ಅಡುಗೆ ಮಾಡಿದವಳು. ಹೈದರಾಬಾದಿನ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಹೊರಗೆ ಹೋದ ಅವಳ ಗಂಡ ಖಾಜಾಸಾಬ್ ಮತ್ತೆ ಬರಲಿಲ್ಲ. ನಮ್ಮ ಓಣಿಯ ಹೆಂಗಸರ ಕುಪ್ಪಸ ಹೊಲಿದೇ ಅವಳು ಹೊಟ್ಟೆ ಹೊರೆಯುತ್ತಿದ್ದಳು.

ನಮ್ಮ ಹಿಟ್ಟು ಪಾತ್ರೆಗಳನ್ನು ಅವಳು ಮುಟ್ಟುವಂತಿರಲಿಲ್ಲ. ಭಾನುವಾರ ಸಂಜೆ ಹಿತ್ತಲ ಕಟ್ಟೆಯ ಮೇಲೆ ದೂರ ಕೂತು, ಒಣಶುಂಠಿ ಎಷ್ಟು, ಲವಂಗ ಎಷ್ಟು, ಬೆಲ್ಲದ ಪಾಕ ಎಷ್ಟು ಎಂದು ಬೆರಳಲ್ಲೇ ತೋರಿಸುತ್ತ ಹೋದಳು. ಕಲಸಿದವಳು ನಾನು. ಕೊನೆಗೆ ಸೆರಗಿನಿಂದ ಒಂದು ಸೀಸೆ ತೆಗೆದು ಕಟ್ಟೆಯ ಮೇಲಿಟ್ಟಳು.

"ಅಕ್ಕಾರೆ, ಮೊದಲಾ ಹೇಳ್ತೀನಿ, ಇದು ಸೇಂದಿ ಐತ್ರಿ. ತತ್ತಿ ಹಾಕಲಾರದಂಗ ಉಬ್ಬಬೇಕಂದ್ರ ಇದಾ ಬೇಕು. ಬ್ಯಾಡಂದ್ರ ಮಸರು ಹಾಕ್ರಿ."

ಮೊಸರು ಹಾಕಿದರೆ ಗುರುಲಿಂಗಮ್ಮನದಕ್ಕೂ ನನ್ನದಕ್ಕೂ ಏನು ಫರಕು? "ಬೆಂದ ಮ್ಯಾಲ ಏನುಳಿತೈತಿ ಬಿಡು" ಎಂದು ನನ್ನ ಕೈಯಾರೆ ಸುರಿದೆ.

ಮರುದಿನ ಬೆಳಿಗ್ಗೆ ಮರಳು ತುಂಬಿದ ಪಾತ್ರೆಯೊಳಗಿಟ್ಟು, ಮುಚ್ಚಳದ ಮೇಲೆ ಕೆಂಡ ಹರವಿ ಬೇಯಿಸಿದೆ. ಗುರುಲಿಂಗಮ್ಮನದು ರೊಟ್ಟಿಯಂತೆ ನೆಲ ಹಿಡಿದಿತ್ತು. ನನ್ನದು ಮೂರು ಬೆರಳೆತ್ತರ ಉಬ್ಬಿತ್ತು. ಮಾವ ಎರಡರಲ್ಲೂ ಒಂದೊಂದು ತುಣುಕನ್ನು ಲಿಂಗಕ್ಕೆ ತೋರಿಸಿ ಬಾಯಿಗಿಟ್ಟುಕೊಂಡರು. ನನ್ನದನ್ನು ಇನ್ನೊಂದು ತುಣುಕು ಕೇಳಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಕೈ ತೊಳೆಯಲು ಹಿತ್ತಲಿಗೆ ಹೋದ ಗುರುಲಿಂಗಮ್ಮ ಸೀಸೆ ಹಿಡಿದುಕೊಂಡು ಬಂದಳು. ಮೂಸಿ ನೋಡಿ ಮಾವನ ಮುಂದಿಟ್ಟಳು. ಮಾವ ಎದೆಯ ಲಿಂಗವನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು. ಸೇಂದಿ ಲಿಂಗಕ್ಕೆ ಅರ್ಪಿತವಾಗಿತ್ತು. ಇನ್ನು ಮಸ್ಕಿಯ ತವರೇ ಗತಿ ಎಂದು ಹೆದರಿದೆ.

"ನನಗ ಗೊತ್ತಿದ್ದಿಲ್ಲರೀ ಮಾವಾರೆ. ಲಾಲ್‌ಬೀ ಹುಳಿನೀರು ಅಂದಿದ್ಲು."

ಲಾಲ್‌ಬೀಯನ್ನು ಕರೆಸಿದರು. ಹಿತ್ತಲ ಬಾಗಿಲಲ್ಲಿ ನಿಂತಳು.

"ಸೇಂದಿ ಅಂತ ಈಕಿಗೆ ಹೇಳಿದ್ಯೋ ಇಲ್ಲೋ?" ಮಾವ ಕೇಳಿದರು.

ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

"ಹೇಳಿದ್ದಿಲ್ಲರೀ ಸಾವ್ಕಾರ್ರ. ತಪ್ಪಾತು."

ಇನ್ನು ಈ ಓಣಿಗೆ ಕಾಲಿಡಬೇಡ ಎಂದರು ಮಾವ. ಅಂದಿನಿಂದ ಓಣಿಯ ಒಂದು ಮನೆಯವರೂ ಅವಳಿಗೆ ಕುಪ್ಪಸದ ಬಟ್ಟೆ ಕೊಡಲಿಲ್ಲ. ಮಾವ ಶುದ್ಧಿ ಮಾಡಿಸಿಕೊಂಡರು. ಬೀಗರು ಗುರುಲಿಂಗಮ್ಮನ ಕೇಕು ತಿಂದು ಹೋದರು. ಪಾಪ, ಶೇಖರಮ್ಮನಿಗೆ ಮೋಸವಾಯಿತು ಎಂದು ಎಲ್ಲರೂ ನನಗಾಗಿ ಮರುಗಿದರು. ಆ ಮನೆಯಲ್ಲಿ ನನಗೆ ಅಷ್ಟು ಅಕ್ಕರೆ ಎಂದೂ ಸಿಕ್ಕಿರಲಿಲ್ಲ.

ಎರಡು ತಿಂಗಳಾದ ಮೇಲೆ, ಜೋಳ ಹಸನು ಮಾಡುವಾಗ ಗುರುಲಿಂಗಮ್ಮ ಮೆಲ್ಲಗೆ ಹೇಳಿದಳು.

"ಲಾಲ್‌ಬೀ ಕಾಲುವಿ ಕೆಲಸಕ್ಕ ಮಣ್ಣು ಹೊರಾಕ ಹೋಗ್ಯಾಳಂತ. ಅಂಗೈ ಒಡದು ಸೂಜಿ ಹಿಡಿಯಾಕ ಬರವಲ್ದಂತ. ಖರೇ ಹೇಳು, ಆಕಿ ನಿನಗ ಮೊದಲಾ ಹೇಳಿದ್ಲು ಹೌದಿಲ್ಲೋ? ಮಾವನ ಕೂಡ ನಾ ಮಾತಾಡ್ತೀನಿ. ನಿನ್ನ ಮ್ಯಾಲ ಒಂದು ಮಾತು ಬರಲಾರದಂಗ ನೋಡಿಕೊಂತೀನಿ. ಆಕೀನ ತಿರುಗಿ ಕರಸೋಣು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಟ್ಟ ಮಾತು ನಡೆಸುವವಳೇ ಅವಳು, ಅದು ನನಗೆ ಗೊತ್ತಿತ್ತು. ಮೊದಲ ಸಲ ಹೆದರಿ ಸುಳ್ಳು ಹೇಳಿದ್ದೆ. ಈ ಸಲ ಹೆದರಿಕೆ ಏನೂ ಇರಲಿಲ್ಲ. ಹೌದೆಂದರೆ ನನ್ನ ಮಾನ ಜೀವನಪೂರ್ತಿ ಗುರುಲಿಂಗಮ್ಮನ ಕೈಯಲ್ಲಿರುತ್ತಿತ್ತು, ಅಷ್ಟೇ.

"ಇಲ್ಲಬೇ ಅಕ್ಕಾ, ಹೇಳಿದ್ದಿಲ್ಲ" ಎಂದೆ.